ಅಂಗನವಾಡಿಯ ಲೆಕ್ಕ: ಹಾಕಿದ ಹಣದಿಂದ ಮಗುವಿನಲ್ಲಿ ಬೆಳೆದದ್ದೇನು?

(ಧಾರವಾಡದಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ಪ್ರಾಥಮಿಕ ಶಾಲೆಯ ಶಿಕ್ಷಕರು ಮತ್ತು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ಅಂಕಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಈ ಉಪನ್ಯಾಸಕ್ಕೆ ಸಿದ್ಧತೆ ಮಾಡಿಕೊಳ್ಳುತ್ತಿದ್ದ ವಾರದಲ್ಲಿ ನವಲಗುಂದ ತಾಲ್ಲೂಕಿನ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಒಂದು ಮುಂಜಾನೆ ಕಳೆದೆ. ಅಂದು ತೂಕ ನೋಡುವ ದಿನ. ಕಾರ್ಯಕರ್ತೆ ಮಕ್ಕಳನ್ನು ಒಬ್ಬೊಬ್ಬರಾಗಿ ತೂಕದ ಯಂತ್ರದ ಮೇಲೆ ನಿಲ್ಲಿಸಿ, ಆಮೇಲೆ ಎತ್ತರದ ಪಟ್ಟಿಗೆ ಬೆನ್ನು ತಾಗಿಸಿ ನಿಲ್ಲಿಸಿ, ಎರಡೂ ಅಂಕಿಗಳನ್ನು ಮೊಬೈಲಿನಲ್ಲಿ ಕೇಂದ್ರ ಸರ್ಕಾರದ ಆ್ಯಪ್ ಆದ ಪೋಷಣ್ ಟ್ರ್ಯಾಕರ್‌ನಲ್ಲಿ ತುಂಬುತ್ತಿದ್ದರು. ತನ್ನ ಸರದಿ ಮುಗಿಸಿಕೊಂಡು ಮೂಲೆಗೆ ಹೋದ ನಾಲ್ಕು ವರ್ಷದ ಒಬ್ಬ ಹುಡುಗಿ ಹುಣಸೆಬೀಜದ ರಾಶಿಯನ್ನು ದೊಡ್ಡವು, ಸಣ್ಣವು, ಸಿಪ್ಪೆ ಸುಲಿದವು ಎಂದು ಮೂರು ಗುಂಪು ಮಾಡಿ, ತನಗಿಂತ ಚಿಕ್ಕವನೊಬ್ಬನಿಗೆ ದೊಡ್ಡ ಬೀಜ ಸಂತೆಗೆ ಹೋದ ಕತೆ ಹೇಳುತ್ತಿದ್ದಳು. ಆ ಕತೆಗೆ ಮೊದಲಿತ್ತು, ನಡುವಿತ್ತು, ಮಳೆ ಬಂದು ಸಂತೆ ಚದುರಿದ ಕೊನೆಯೂ ಇತ್ತು. ಆಕೆಯ ತೂಕ ದೆಹಲಿಯವರೆಗೆ ತಲುಪಿತು; ಆಕೆ ವಿಂಗಡಿಸಿದ್ದು, ಹೋಲಿಸಿದ್ದು, ಕತೆ ಕಟ್ಟಿದ್ದು ಮಾತ್ರ ಆ ಕೋಣೆಯ ಹೊಸ್ತಿಲು ದಾಟಲಿಲ್ಲ.

ಶಾಲಾಪೂರ್ವ ಶಿಕ್ಷಣಕ್ಕೆ ಸರ್ಕಾರ ಹಾಕುತ್ತಿರುವ ಹಣದಿಂದ ಏನಾಯಿತು ಎಂದು ಕೇಳಿದರೆ ನಮ್ಮಲ್ಲಿ ಸಿಗುವ ಉತ್ತರ ತೆಳುವಾಗಿರುವುದಕ್ಕೆ ಕಾರಣ ಆ ಹೊಸ್ತಿಲಲ್ಲೇ ಇದೆ. ನಾವು ಅಳೆಯುತ್ತಿಲ್ಲ ಎಂದಲ್ಲ, ಬೇಕಾದಷ್ಟು ಅಳೆಯುತ್ತಿದ್ದೇವೆ. ಆದರೆ ಯಾವ ಮಗುವನ್ನು ಯಾವ ಮಗುವಿನೊಂದಿಗೆ ಹೋಲಿಸುತ್ತಿದ್ದೇವೆ, ಯಾವ ಮಗುವನ್ನು ಎಣಿಕೆಯಿಂದಲೇ ಬಿಟ್ಟಿದ್ದೇವೆ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಅಳೆಯುತ್ತಿದ್ದೇವೆ. ಇಂದು ನಾನು ಹೇಳಬೇಕಾದದ್ದೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಇದೆ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಮೊದಲ ನೆಲವಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಮಿಕ್ಕಿ, ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿಗಳಿವೆ. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ದೊಡ್ಡ ಆಸ್ಪತ್ರೆಗೆ ಕಳಿಸುವ ಏರ್ಪಾಡು, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳನ್ನು ಯೋಜನೆ ಒಂದೇ ಕೋಣೆಯಲ್ಲಿ, ಬಹುಮಟ್ಟಿಗೆ ಒಬ್ಬ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿಯ ಕೈಯಲ್ಲಿ ಇಟ್ಟಿದೆ. 2002ರ 86ನೆಯ ತಿದ್ದುಪಡಿ ಸಂವಿಧಾನದ 45ನೆಯ ವಿಧಿಯನ್ನು ಬದಲಿಸಿ ಆರು ವರ್ಷ ತುಂಬುವವರೆಗಿನ ಎಲ್ಲ ಮಕ್ಕಳ ಆರೈಕೆ ಮತ್ತು ಶಿಕ್ಷಣಕ್ಕೆ ರಾಜ್ಯ ಪ್ರಯತ್ನಿಸಬೇಕೆಂದಿತು. 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟ್ ಯೋಜನೆಯನ್ನು ಎಲ್ಲ ಮಕ್ಕಳಿಗೂ ವಿಸ್ತರಿಸಬೇಕೆಂದು ಆದೇಶಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದ ಅವಧಿಯನ್ನು ಬುನಾದಿ ಹಂತವೆಂದು ಕರೆಯಿತು. ಹಕ್ಕಿನ ಮಾತು ಇಷ್ಟು ಸ್ಪಷ್ಟವಾಗಿರುವಾಗ ಪರಿಣಾಮ ಅಳೆಯುವ ಗೋಜೇಕೆ ಎಂದು ಕೆಲವರು ಕೇಳುತ್ತಾರೆ. ಮಗುವಿಗೆ ಹಕ್ಕಿದೆ ಎಂಬುದನ್ನು ನಾನು ಲೆಕ್ಕಕ್ಕೆ ಅಡಿಯಾಳಾಗಿಸುವುದಿಲ್ಲ. ಆದರೆ ಆ ಹಕ್ಕು ಮಗುವಿಗೆ ನಿಜವಾಗಿ ತಲುಪಿತೇ ಎಂದು ತಿಳಿಯಲು ಅಳತೆಯಲ್ಲದೆ ಬೇರೆ ದಾರಿಯಿಲ್ಲ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳೋಣ. ಇಷ್ಟು ಕೋಟಿ ಖರ್ಚಾಯಿತು ಎನ್ನುವುದು ಹೂಡಿಕೆಯ ಮಾತು. ಇಷ್ಟು ಮಕ್ಕಳು ದಾಖಲಾದರು, ಇಷ್ಟು ದಿನ ಊಟ ಬಡಿಸಲಾಯಿತು ಎನ್ನುವುದು ಕೆಲಸ ನಡೆದದ್ದರ ಮಾತು. ಆ ಕೆಲಸ ನಡೆಯದೆ ಇದ್ದಿದ್ದರೆ ಮಗು ಹೇಗಿರುತ್ತಿತ್ತೋ ಅದಕ್ಕೂ ಈಗಿರುವುದಕ್ಕೂ ನಡುವಿನ ಅಂತರ ಮಾತ್ರ ಪರಿಣಾಮ. ಮೊದಲ ಎರಡು ಅಂಕಿಗಳು ಕಡತದಲ್ಲಿ ಸಿಗುತ್ತವೆ. ಮೂರನೆಯದು ಕಡತದಲ್ಲಿ ಸಿಗುವುದಿಲ್ಲ, ಏಕೆಂದರೆ ಅದರ ಅರ್ಧ ಭಾಗ ನಡೆಯದೆ ಹೋದ ಸಂಗತಿ.

ಒಂದು ಉದಾಹರಣೆ ಕೊಡುತ್ತೇನೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಶೇ. 36.2, ಅದರ ಮುಂದಿನ ಸುತ್ತಿನಲ್ಲಿ ಶೇ. 35.4. ಇಷ್ಟು ಹಣ ಸುರಿದರೂ ಒಂದು ಅಂಶವೂ ಇಳಿಯಲಿಲ್ಲವಲ್ಲ, ಯೋಜನೆ ಸೋತಿತು ಎಂದು ಒಬ್ಬರು ಹೇಳಬಹುದು. ಬರಗಾಲದ ವರ್ಷಗಳ ನಡುವೆಯೂ ಅಂಕಿ ಏರಲಿಲ್ಲ, ಯೋಜನೆ ಕಾಪಾಡಿತು ಎಂದು ಇನ್ನೊಬ್ಬರು ಹೇಳಬಹುದು. ಇಬ್ಬರ ಕೈಯಲ್ಲಿಯೂ ಇರುವುದು ಅದೇ ಎರಡು ಅಂಕಿ, ಇಬ್ಬರಿಗೂ ಆಧಾರವಿಲ್ಲ. ಹಿಂದೆ ಹೀಗಿತ್ತು, ಈಗ ಹೀಗಿದೆ ಎಂಬ ಹೋಲಿಕೆಯಿಂದ ಪರಿಣಾಮ ತಿಳಿಯುವುದಿಲ್ಲ.

ಈ ಮಾತು ಕಾಲೇಜಿನ ತರಗತಿಯಲ್ಲಿ ಕಠಿಣವೆನಿಸಬಹುದು, ಆದರೆ ನಮ್ಮ ಎರೆಭೂಮಿಯ ರೈತನಿಗೆ ಹೊಸದಲ್ಲ. ಮಳೆ ಚೆನ್ನಾಗಿ ಆದ ವರ್ಷ ಹೊಸ ಗೊಬ್ಬರ ಹಾಕಿದವನ ಕಡಲೆಯೂ ಬೆಳೆಯುತ್ತದೆ, ಹಾಕದವನ ಕಡಲೆಯೂ ಬೆಳೆಯುತ್ತದೆ. ಗೊಬ್ಬರದ ಗುಣ ತಿಳಿಯಬೇಕಾದರೆ ಅದೇ ಹೊಲದ ಎರಡು ತಾಕುಗಳಲ್ಲಿ ಒಂದಕ್ಕೆ ಹಾಕಿ ಒಂದಕ್ಕೆ ಬಿಡಬೇಕು. ಯಾವ ತಾಕಿಗೆ ಹಾಕುವುದೆಂದು ಮನಸ್ಸಿಗೆ ಬಂದಂತೆ ಆರಿಸಿದರೆ ಒಳ್ಳೆಯ ತಾಕಿಗೇ ಕೈ ಹೋಗುತ್ತದೆ, ಆದ್ದರಿಂದ ಚೀಟಿ ಎತ್ತಬೇಕು. ಚೀಟಿ ಎತ್ತಿ ಹಂಚುವ ಈ ಪದ್ಧತಿಯನ್ನು 1920ರ ದಶಕದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಆರ್. ಎ. ಫಿಷರ್ ರೂಪಿಸಿದ್ದೇ ಹೊಲದ ಪ್ರಯೋಗಗಳಿಗಾಗಿ. ಇದೇ ಊರಿನ ಕೃಷಿ ವಿಶ್ವವಿದ್ಯಾಲಯದ ಹೊಲಗಳ ಬದಿಯಲ್ಲಿ ಹಾದುಹೋದವರು ಸಂಖ್ಯೆ ಬರೆದ ಸಣ್ಣ ಸಣ್ಣ ಫಲಕಗಳ ಸಾಲನ್ನು ನೋಡಿರುತ್ತಾರೆ. ವೈದ್ಯಶಾಸ್ತ್ರ, ಆಮೇಲೆ ಶಿಕ್ಷಣ, ಈ ಉಪಾಯವನ್ನು ಪಡೆದದ್ದು ಅಂಥ ಹೊಲದಿಂದಲೇ.

ಹೀಗೆ ಚೀಟಿ ಎತ್ತಿ ನಡೆಸಿದ ಪ್ರಯೋಗಗಳಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲ್ಯಾಂಟಿ ಎಂಬ ಊರಿನ ಪೆರಿ ಪ್ರೀಸ್ಕೂಲ್. 1962ರಿಂದ 1967ರವರೆಗೆ ಬಡ ಕಪ್ಪು ಜನರ ಕುಟುಂಬಗಳ 123 ಮಕ್ಕಳಲ್ಲಿ 58 ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ಕೊಟ್ಟು, ಉಳಿದ 65 ಮಕ್ಕಳನ್ನು ಹೋಲಿಕೆಗೆ ಇಟ್ಟುಕೊಂಡು, ಎರಡೂ ಗುಂಪಿನವರ ಬದುಕನ್ನು ಅವರು ನಡುವಯಸ್ಸು ದಾಟುವವರೆಗೆ ಹಿಂಬಾಲಿಸಲಾಯಿತು. ಶಾಲೆಗೆ ಬಂದವರು ದೊಡ್ಡವರಾದ ಮೇಲೆ ಹೆಚ್ಚು ದುಡಿದರು, ಪೊಲೀಸರ ಕೈಗೆ ಕಡಿಮೆ ಸಿಕ್ಕರು. 2000ದ ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಸಂಗಡಿಗರು ಅದರ ಲೆಕ್ಕವನ್ನು ಮತ್ತೆ ಹಾಕಿ, ಹಾಕಿದ ಹಣಕ್ಕೆ ವರ್ಷಕ್ಕೆ ಶೇ. 7ರಿಂದ 10ರಷ್ಟು ಪ್ರತಿಫಲ ಬಂದಿದೆಯೆಂದು ಅಂದಾಜಿಸಿದರು. ಈ ಅಂಕಿಯನ್ನು ನಮ್ಮಲ್ಲಿಯೂ ವೇದಿಕೆಯಿಂದ ವೇದಿಕೆಗೆ ಹೊತ್ತು ತಿರುಗುತ್ತಾರೆ. ನನಗೆ ಅದರಲ್ಲಿ ಸಂಕೋಚವಿದೆ. ಆ ಪ್ರತಿಫಲದ ದೊಡ್ಡ ಪಾಲು ಅಪರಾಧ ಕಡಿಮೆಯಾದದ್ದರಿಂದ ಉಳಿದ ಹಣ. ಅಮೆರಿಕದ ಕೋರ್ಟು, ಜೈಲುಗಳ ಖರ್ಚಿನ ಉಳಿತಾಯವನ್ನು ರೋಣ ತಾಲ್ಲೂಕಿನ ಅಂಗನವಾಡಿಯ ಜಮಾ ಪುಟಕ್ಕೆ ಬರೆಯಲು ಬರುವುದಿಲ್ಲ. ಪೆರಿ ಕೊಟ್ಟ ಪಾಠ ಶೇ. 10 ಎಂಬ ಅಂಕಿಯಲ್ಲ, ಮಕ್ಕಳನ್ನು ಬಿಡದೆ ಹಿಂಬಾಲಿಸಿದ ಆ ತಾಳ್ಮೆ.

ನಮಗೆ ಹೆಚ್ಚು ಹತ್ತಿರವಾದದ್ದು ಜಮೈಕದ ಪ್ರಯೋಗ. 1986–87ರಲ್ಲಿ ಕಿಂಗ್ಸ್ಟನ್ ನಗರದ ಬಡ ಬಡಾವಣೆಗಳಲ್ಲಿ ಬೆಳವಣಿಗೆ ಕುಂಠಿತವಾಗಿದ್ದ, ಎರಡು ವರ್ಷ ಮೀರದ 129 ಮಕ್ಕಳನ್ನು ಆರಿಸಿ, ಕೆಲವರಿಗೆ ಪೂರಕ ಆಹಾರ, ಕೆಲವರಿಗೆ ಆರೋಗ್ಯ ಕಾರ್ಯಕರ್ತೆಯರ ವಾರದ ಭೇಟಿ, ಕೆಲವರಿಗೆ ಎರಡೂ, ಉಳಿದವರಿಗೆ ಎರಡೂ ಇಲ್ಲದಂತೆ ಎರಡು ವರ್ಷ ನಡೆಸಿದರು. ಭೇಟಿಗೆ ಬಂದ ಕಾರ್ಯಕರ್ತೆ ವಾರಕ್ಕೆ ಒಂದು ತಾಸು ತಾಯಿಯ ಜೊತೆ ಕುಳಿತು, ಮನೆಯ ಸಾಮಾನಿನಿಂದಲೇ ಮಾಡಿದ ಆಟಿಕೆಗಳಲ್ಲಿ ಮಗುವನ್ನು ಆಡಿಸುವುದು, ಮಾತನಾಡಿಸುವುದು ಹೇಗೆಂದು ತೋರಿಸುತ್ತಿದ್ದರು. ಇಪ್ಪತ್ತು ವರ್ಷಗಳ ನಂತರ, ಆ ಮಕ್ಕಳಿಗೆ 22 ವರ್ಷವಾದಾಗ ನೋಡಿದರೆ, ಭೇಟಿ ಪಡೆದವರ ಗಳಿಕೆ ಪಡೆಯದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು. ಆಹಾರ ಮಾತ್ರ ಪಡೆದವರ ಗಳಿಕೆಯಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಊಟ ಬೇಡವೆಂದು ಇದರ ಅರ್ಥ ಮಾಡಿಕೊಳ್ಳಬಾರದು. ಹೈದರಾಬಾದಿನ ಸುತ್ತಲಿನ 29 ಹಳ್ಳಿಗಳಲ್ಲಿ 1987–90ರಲ್ಲಿ ನಡೆದ ಅಧ್ಯಯನದಲ್ಲಿ, ಪೂರಕ ಆಹಾರ ಮೊದಲು ತಲುಪಿದ ಹಳ್ಳಿಗಳ ಮಕ್ಕಳು ಹದಿಹರೆಯಕ್ಕೆ ಬಂದಾಗ ಉಳಿದ ಹಳ್ಳಿಗಳ ಮಕ್ಕಳಿಗಿಂತ ಸರಾಸರಿ 14 ಮಿಲಿಮೀಟರ್ ಎತ್ತರವಾಗಿದ್ದರು. ಊಟ ಮೈಯನ್ನು ಬೆಳೆಸಿತು. ಮಾತು ಮತ್ತು ಆಟ ಇನ್ನೇನನ್ನೋ ಬೆಳೆಸಿದವು. ನಮ್ಮ ಅಂಗನವಾಡಿಗಳು ಮೊದಲನೆಯದರ ಲೆಕ್ಕವನ್ನು ಮಾತ್ರ ಇಡುತ್ತಾ ಬಂದಿವೆ.

ಇನ್ನು ಪಕ್ಕದ ತಮಿಳುನಾಡಿನದು, ನನ್ನ ದೃಷ್ಟಿಯಲ್ಲಿ ಈ ವಿಷಯದಲ್ಲಿ ಭಾರತದಿಂದ ಬಂದ ಅತ್ಯಂತ ಉಪಯುಕ್ತ ಅಧ್ಯಯನ. ಅಲೆಹಾಂಡ್ರೊ ಗನಿಮಿಯನ್, ಕಾರ್ತಿಕ್ ಮುರಳೀಧರನ್ ಮತ್ತು ಕ್ರಿಸ್ಟೋಫರ್ ವಾಲ್ಟರ್ಸ್ 320 ಅಂಗನವಾಡಿಗಳನ್ನು ತೆಗೆದುಕೊಂಡು, ಚೀಟಿ ಎತ್ತಿದಂತೆ ಆರಿಸಿದ ಅರ್ಧದಷ್ಟು ಕೇಂದ್ರಗಳಿಗೆ ಶಾಲಾಪೂರ್ವ ಶಿಕ್ಷಣಕ್ಕೆಂದೇ ಅರ್ಧ ದಿನದ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟಾಗ ಏನಾಯಿತೆಂದು ನೋಡಿದರು. ಕಟ್ಟಡ ಹೊಸದಲ್ಲ, ಟ್ಯಾಬ್ಲೆಟ್ ಇಲ್ಲ, ಬಣ್ಣ ಬಳಿದ ಗೋಡೆಯಿಲ್ಲ. ಒಂದು ಜೀವ ಹೆಚ್ಚು, ಅಷ್ಟೇ. ಮಕ್ಕಳಿಗೆ ಪಾಠಕ್ಕೆಂದು ಸಿಕ್ಕ ಸಮಯ ಇಮ್ಮಡಿಯಾಯಿತು. ಒಂದೂವರೆ ವರ್ಷದಲ್ಲಿ ಗಣಿತದ ಅಂಕ 0.29, ಭಾಷೆಯ ಅಂಕ 0.46 ಮಾನಕ ವಿಚಲನೆಯಷ್ಟು ಏರಿತು. ಅಂಕಿಶಾಸ್ತ್ರದ ಪರಿಚಯವಿಲ್ಲದವರಿಗೆ ಹೇಳುವುದಾದರೆ, ನೂರು ಮಕ್ಕಳ ಸಾಲಿನಲ್ಲಿ ನಡುವೆ ನಿಂತ ಮಗು ಭಾಷೆಯಲ್ಲಿ ಹದಿನೇಳು ಹದಿನೆಂಟು ಮಕ್ಕಳನ್ನು ದಾಟಿ ಮುಂದೆ ಬಂದಂತೆ. ನನ್ನ ಗಮನ ಸೆಳೆದದ್ದು ಇನ್ನೊಂದು ಸಂಗತಿ: ಹಳೆಯ ಕಾರ್ಯಕರ್ತೆಗೆ ಬಿಡುವು ಸಿಕ್ಕಿದ್ದರಿಂದ ಆರೋಗ್ಯ ಮತ್ತು ಆಹಾರದ ಕೆಲಸಕ್ಕೆ ಹೊತ್ತು ಸಿಕ್ಕಿತು, ಆ ಕೇಂದ್ರಗಳಲ್ಲಿ ಕುಂಠಿತ ಬೆಳವಣಿಗೆಯೂ ತೀವ್ರ ಅಪೌಷ್ಟಿಕತೆಯೂ ಕಡಿಮೆಯಾದವು. ಖರ್ಚಿಗಿಂತ ಪ್ರಯೋಜನ 13ರಿಂದ 21 ಪಟ್ಟು ಹೆಚ್ಚಿರಬಹುದೆಂದು ಅವರ ಅಂದಾಜು. ಆರು ಸೇವೆಗಳನ್ನು ಒಬ್ಬಳ ಹೆಗಲ ಮೇಲೆ ಹೇರಿದಾಗ ಮೊದಲು ಜಾರಿ ಬೀಳುವುದು ಶಿಕ್ಷಣ ಎಂಬುದು ಇಲ್ಲಿ ಕೂತಿರುವ ಅಕ್ಕೋರುಗಳಿಗೆ ಮೊದಲೇ ಗೊತ್ತಿತ್ತು. ಆದರೆ ಹಣಕಾಸು ಇಲಾಖೆಯ ಮೇಜಿನ ಮೇಲೆ ಇಡಬಲ್ಲ ಅಂಕಿಯಾಗಿ ಅದು ಸಿಕ್ಕದ್ದು ಆ ಅಧ್ಯಯನದಿಂದ.

ಇಲ್ಲಿ ಒಂದು ಕಷ್ಟದ ಸಂಗತಿಯನ್ನು ಮುಚ್ಚಿಡಬಾರದು. ಶಾಲಾಪೂರ್ವ ಶಿಕ್ಷಣದಿಂದ ಬಂದ ಅಂಕಗಳ ಮುನ್ನಡೆ ಅನೇಕ ಕಡೆ ಬೇಗ ಕರಗುತ್ತದೆ. ಅಮೆರಿಕದಲ್ಲಿ 1965ರಿಂದ ನಡೆಯುತ್ತಿರುವ ಹೆಡ್ ಸ್ಟಾರ್ಟ್ ಯೋಜನೆಯನ್ನು 2002ರಲ್ಲಿ ಚೀಟಿ ಎತ್ತುವ ಕ್ರಮದಿಂದ ಪರೀಕ್ಷಿಸಿದಾಗ, ಮಕ್ಕಳು ಪಡೆದಿದ್ದ ಮುನ್ನಡೆ ಒಂದನೆಯ ತರಗತಿಯ ಕೊನೆಗೆ ಬಹುಮಟ್ಟಿಗೆ ಉಳಿದಿರಲಿಲ್ಲ. ಟೆನೆಸ್ಸೀ ರಾಜ್ಯದ ಅಧ್ಯಯನದಲ್ಲಂತೂ ಸರ್ಕಾರಿ ಪೂರ್ವ ಪ್ರಾಥಮಿಕ ತರಗತಿಗೆ ಹೋದ ಮಕ್ಕಳು ಆರನೆಯ ತರಗತಿಗೆ ಬಂದಾಗ ಹೋಗದ ಮಕ್ಕಳಿಗಿಂತ ಹಿಂದಿದ್ದರು. ನಮ್ಮ ಕರ್ನಾಟಕದ ಹಳ್ಳಿಗಳಲ್ಲೇ ಲಾಟರಿಯ ಮೂಲಕ ಖಾಸಗಿ ಶಿಶುವಿಹಾರಕ್ಕೆ ಹೋಗಲು ವಿದ್ಯಾರ್ಥಿವೇತನ ಕೊಟ್ಟು ಜೋಶುವಾ ಡೀನ್ ಮತ್ತು ಸೀಮಾ ಜಯಚಂದ್ರನ್ ಮಾಡಿದ ಅಧ್ಯಯನದಲ್ಲಿಯೂ, ಕಲಿಕೆಯಲ್ಲಿ ದೊಡ್ಡ ಏರಿಕೆ ಕಂಡಿತು, ಒಂದನೆಯ ತರಗತಿ ಮುಗಿಯುವ ಹೊತ್ತಿಗೆ ಅದರ ಒಂದು ಭಾಗ ಮಾತ್ರ ಉಳಿದಿತ್ತು. ಪೆರಿಯಲ್ಲಿಯೂ ಬುದ್ಧಿಮತ್ತೆಯ ಪರೀಕ್ಷೆಯ ಮುನ್ನಡೆ ಕೆಲವೇ ವರ್ಷಗಳಲ್ಲಿ ಅಳಿಸಿಹೋಗಿತ್ತು. ಅಂದು ಅಧ್ಯಯನ ನಿಲ್ಲಿಸಿದ್ದರೆ ಪೆರಿ ಸೋತ ಪ್ರಯೋಗವೆಂದು ದಾಖಲಾಗುತ್ತಿತ್ತು.

ಹಾಗಾದರೆ ಕರಗಿದ್ದು ಏನು, ಉಳಿದದ್ದು ಏನು? ಅಕ್ಷರ ಮತ್ತು ಅಂಕಿಯನ್ನು ಎಲ್ಲ ಮಕ್ಕಳೂ ಒಂದು ದಿನ ಕಲಿಯುತ್ತಾರೆ, ಒಬ್ಬರು ಒಂದು ವರ್ಷ ಮೊದಲು, ಇನ್ನೊಬ್ಬರು ತಡವಾಗಿ. ಆ ಮುನ್ನಡೆ ಕರಗುವುದು ಸಹಜ. ಹಿಡಿದ ಕೆಲಸದಲ್ಲಿ ಮನಸ್ಸು ನಿಲ್ಲಿಸುವುದು, ಸರದಿಗಾಗಿ ಕಾಯುವುದು, ಬೇಕಾದದ್ದನ್ನು ಮಾತಿನಲ್ಲಿ ಕೇಳುವುದು, ತಪ್ಪಿದರೆ ಮತ್ತೆ ಕೈಹಾಕುವುದು, ಇವು ಬೇರೂರಿದರೆ ಬೇಗ ಹೋಗುವುದಿಲ್ಲವೆಂದು ಪೆರಿಯ ದೀರ್ಘ ಕತೆಯನ್ನು ಓದಿದವರು ಊಹಿಸುತ್ತಾರೆ, ನಾನೂ ಹಾಗೇ ಊಹಿಸುತ್ತೇನೆ. ಈ ಊಹೆ ಸರಿಯಾಗಿದ್ದರೆ ನಮ್ಮ ಅಳತೆಗೋಲಿನ ಆಯ್ಕೆ ಬಹಳ ಎಚ್ಚರದ ಕೆಲಸ. ನಾಲ್ಕು ವರ್ಷದ ಮಗುವಿಗೆ ಕಾಗುಣಿತ ಬರುತ್ತದೆಯೇ ಎಂದು ಅಳೆಯತೊಡಗಿದರೆ ಮರುವರ್ಷವೇ ಅಂಗನವಾಡಿಯಲ್ಲಿ ಕಾಗುಣಿತದ ಉರು ಶುರುವಾಗುತ್ತದೆ. ಹುಬ್ಬಳ್ಳಿಯ ಎಷ್ಟೋ ಎಲ್‌ಕೆಜಿಗಳಲ್ಲಿ ಇಂದು ನಡೆಯುತ್ತಿರುವುದು ಅದೇ. ಮೂರೂವರೆ ವರ್ಷದ ಬೆರಳುಗಳು ಎರಡು ಗೆರೆಗಳ ನಡುವೆ ಇಂಗ್ಲಿಷ್ ಅಕ್ಷರ ತಿದ್ದುತ್ತಿರುತ್ತವೆ, ತಂದೆತಾಯಿ ಅದನ್ನೇ ಕಲಿಕೆಯೆಂದು ನಂಬಿ ಸಾಲ ಮಾಡಿ ಶುಲ್ಕ ಕಟ್ಟುತ್ತಾರೆ. 2011ರಿಂದ 2016ರವರೆಗೆ ಅಸ್ಸಾಂ, ರಾಜಸ್ಥಾನ ಮತ್ತು ಅಂದಿನ ಅವಿಭಜಿತ ಆಂಧ್ರದ ನಾಲ್ಕು ವರ್ಷದ ಸುಮಾರು 14,000 ಮಕ್ಕಳನ್ನು ಹಿಂಬಾಲಿಸಿದ ದೊಡ್ಡ ಅಧ್ಯಯನ, ಐದನೆಯ ವಯಸ್ಸಿಗೆ ಬಹುಪಾಲು ಮಕ್ಕಳು ಶಾಲೆಗೆ ಸಿದ್ಧರಾಗಿರಲಿಲ್ಲವೆಂದೂ, ಖಾಸಗಿ ಶಾಲಾಪೂರ್ವ ಕೇಂದ್ರಗಳಲ್ಲಿಯೂ ವಯಸ್ಸಿಗೆ ತಕ್ಕ ಬೋಧನೆ ಇರಲಿಲ್ಲವೆಂದೂ ತೋರಿಸಿತು.

ಖಾಸಗಿ ವ್ಯಾನ್ ಹತ್ತುವ ಮಗುವನ್ನು ಅಂಗನವಾಡಿಗೆ ನಡೆದು ಬರುವ ಮಗುವಿನೊಂದಿಗೆ ಹೋಲಿಸಿ ಸರ್ಕಾರಿ ವ್ಯವಸ್ಥೆ ಕಳಪೆಯೆಂದು ತೀರ್ಪು ಕೊಡುವುದು ಇನ್ನೊಂದು ತಪ್ಪು. ವ್ಯಾನಿನ ಮಗುವಿನ ಮನೆಯಲ್ಲಿ ಓದಿದ ತಾಯಿ, ಪುಸ್ತಕ, ಎರಡು ಹೊತ್ತಿನ ಹಾಲು ಇರುವ ಸಾಧ್ಯತೆ ಹೆಚ್ಚು. ಆ ಅಂತರದಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು ಎಂದು ಬೇರ್ಪಡಿಸದೆ ಹೇಳಿದ ಮಾತು ಮಾತಲ್ಲ. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿಯೇ ಎಲ್‌ಕೆಜಿ, ಯುಕೆಜಿ ತೆರೆಯುವುದನ್ನು ವಿರೋಧಿಸಿ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದಾಗ ಎರಡೂ ಕಡೆಯಿಂದ ಆವೇಶದ ವಾದಗಳು ಬಂದವು, ಆದರೆ ಒಂದೇ ಬಗೆಯ ಮನೆಗಳ ಮಕ್ಕಳು ಈ ಎರಡು ಕಡೆ ಏನು ಕಲಿಯುತ್ತಾರೆಂಬ ಹೋಲಿಕೆಯನ್ನು ಮುಂದಿಟ್ಟು ಮಾತನಾಡಿದವರನ್ನು ನಾನು ಕಾಣಲಿಲ್ಲ.

ಈಗ ಎಣಿಕೆಯಿಂದ ಬಿಟ್ಟುಹೋದ ಮಕ್ಕಳ ಮಾತು. ಧಾರವಾಡ, ಗದಗ, ಹಾವೇರಿ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಪರಿಣಾಮ ಅಳೆಯಲು ಹೊರಟ ಯಾರೇ ಆದರೂ ಗುಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅವರ ಅಂಕಿಯನ್ನು ನಾನು ನಂಬಲಾರೆ. ಮುಂಡರಗಿ, ಗಜೇಂದ್ರಗಡ ಕಡೆಯ ಒಣಬೇಸಾಯದ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಮನೆಮಂದಿಯೆಲ್ಲ ಗೋವಾ, ಮಂಗಳೂರು, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಮುಂಗಾರಿಗೆ ಮರಳುತ್ತಾರೆ. ಅವರ ಜೊತೆ ಹೋದ ಮೂರು ನಾಲ್ಕು ವರ್ಷದ ಮಗು ಸಿಮೆಂಟಿನ ಚೀಲಗಳ ನಡುವೆ ಆ ತಿಂಗಳುಗಳನ್ನು ಕಳೆಯುತ್ತದೆ. ಇತ್ತ ಊರಿನ ಅಂಗನವಾಡಿಯಲ್ಲಿ ಜನವರಿಯಲ್ಲಿ ಸಮೀಕ್ಷೆಯವರು ಬಂದು ಹಾಜರಿದ್ದ ಮಕ್ಕಳನ್ನು ಪರೀಕ್ಷಿಸಿ ಹೋಗುತ್ತಾರೆ. ಹಾಜರಿದ್ದವರು ಯಾರು? ಹೊಲ, ನೀರು, ಊರಲ್ಲೇ ಕೆಲಸ ಇದ್ದ ಮನೆಗಳ ಮಕ್ಕಳು. ಅತ್ಯಂತ ಬಡವರ ಮಕ್ಕಳು ಪಟ್ಟಿಯಿಂದ ಜಾರಿದ ಕೂಡಲೇ ಸರಾಸರಿ ತಾನಾಗಿ ಮೇಲೇರುತ್ತದೆ. ಯಾವ ಮಗುವೂ ಹೊಸದಾಗಿ ಏನನ್ನೂ ಕಲಿಯದೆ ಊರಿನ ಅಂಕ ಉತ್ತಮವಾಗುತ್ತದೆ. ಹಿಂದೊಮ್ಮೆ ಇಂಥದೇ ಒಂದು ಸಮೀಕ್ಷೆಯ ತಂಡದಲ್ಲಿ ನಾನಿದ್ದೆ. ಮೊದಲ ಸುತ್ತಿನಲ್ಲಿ ಸಿಕ್ಕ ಮಕ್ಕಳಲ್ಲಿ ಹಲವರು ಎರಡನೆಯ ಸುತ್ತಿಗೆ ಸಿಗದೆ ಹೋದಾಗ, ವರದಿಯ ಕೊನೆಯ ಪುಟದಲ್ಲಿ ಒಂದು ಸಾಲಿನ ಟಿಪ್ಪಣಿ ಬರೆದು ನಾವು ಮುಂದೆ ಹೋದೆವು. ಅದು ತಪ್ಪು, ಆ ಮಕ್ಕಳಿಗಾಗಿಯೇ ಯೋಜನೆ ಹುಟ್ಟಿದ್ದು, ಆ ಮಕ್ಕಳನ್ನೇ ಬಿಟ್ಟು ಯೋಜನೆಯ ಫಲ ಬರೆದೆವು.

ಸಿಗದ ಮಗುವನ್ನು ಹುಡುಕುವುದಕ್ಕೆ ಹಣ ಬೇಕು, ದಿನ ಬೇಕು. ಮೊದಲ ಭೇಟಿಯಲ್ಲೇ ಮನೆಯವರು ಎಲ್ಲಿಗೆ ಹೋಗುತ್ತಾರೆ, ಯಾವ ಗುತ್ತಿಗೆದಾರನ ಜೊತೆ, ಯಾವ ತಿಂಗಳು ಮರಳುತ್ತಾರೆ ಎಂದು ಬರೆದುಕೊಂಡಿದ್ದರೆ ಅರ್ಧ ಕೆಲಸ ಮುಗಿಯುತ್ತದೆ. ಎಲ್ಲರನ್ನೂ ಹುಡುಕಲಾಗದಿದ್ದರೆ, ಸಿಗದವರಲ್ಲಿ ಕೆಲವರನ್ನು ಚೀಟಿ ಎತ್ತಿ ಆರಿಸಿ, ಅವರಿದ್ದಲ್ಲಿಗೇ ಹೋಗಿ ನೋಡಿ, ಅವರ ಅಂಕಿಗೆ ಅವರ ಗುಂಪಿನ ತೂಕ ಕೊಟ್ಟು ಲೆಕ್ಕ ಹಾಕುವ ದಾರಿಯಿದೆ. 2020ರ ಮಾರ್ಚ್‌ನಿಂದ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಅಂಗನವಾಡಿಗಳು ಮುಚ್ಚಿದ್ದಾಗ ಮೂರರಿಂದ ಐದು ವಯಸ್ಸನ್ನು ಮನೆಯಲ್ಲೇ ಕಳೆದ ಮಕ್ಕಳನ್ನೂ ಹೀಗೆಯೇ ಹೆಸರು ಹಿಡಿದು ಹಿಂಬಾಲಿಸಬೇಕಿತ್ತು. ಅವರ ಹಿಂದಿನ ಮತ್ತು ಮುಂದಿನ ವಯೋಗುಂಪುಗಳ ಜೊತೆ ಹೋಲಿಸಿದರೆ ಅಂಗನವಾಡಿ ಇಲ್ಲದ ಬಾಲ್ಯ ಎಂದರೇನು ಎಂಬುದರ ಒಂದು ಅಂದಾಜು ಸಿಗುತ್ತದೆ. ಆ ಮಕ್ಕಳು ಇನ್ನೂ ನಮ್ಮ ಶಾಲೆಗಳಲ್ಲೇ ಇದ್ದಾರೆ, ಕಾಲ ಮೀರಿಲ್ಲ.

ಪ್ರಯೋಜನವನ್ನು ಮಗುವಿನ ಮೈಮೇಲೆ ಮಾತ್ರ ಹುಡುಕುವುದೂ ಅರೆಲೆಕ್ಕ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಹಂಗಾಮಿನಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ಬರುತ್ತಾರೆ. ಖಾರದ ಘಾಟಿನಲ್ಲಿ ಕೂಸನ್ನು ಕೂರಿಸಿಕೊಳ್ಳಲಾಗದು, ಹಾಗಾಗಿ ಮನೆಯಲ್ಲಿ ಉಳಿಯುವವಳು ಎಂಟು ಹತ್ತು ವರ್ಷದ ಅಕ್ಕ. ಅಂಗನವಾಡಿ ಸರಿಯಾದ ಹೊತ್ತಿಗೆ ತೆರೆದು ಸರಿಯಾದ ಹೊತ್ತಿನವರೆಗೆ ನಡೆದರೆ ತಾಯಿಯ ಕೂಲಿ ಉಳಿಯುತ್ತದೆ, ಅಕ್ಕನ ಶಾಲೆ ಉಳಿಯುತ್ತದೆ. ಈ ಲಾಭ ಅಂಗನವಾಡಿಯ ದಾಖಲೆಯಲ್ಲಿ ಎಂದೂ ಕಾಣುವುದಿಲ್ಲ. ಪಕ್ಕದ ಪ್ರಾಥಮಿಕ ಶಾಲೆಯ ನಾಲ್ಕನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಕಾಣುತ್ತದೆ. ದುಡಿಯುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳಲು ಗ್ರಾಮ ಪಂಚಾಯಿತಿಗಳಲ್ಲಿ ಶುರುವಾದ ಕೂಸಿನ ಮನೆಗಳ ಫಲವನ್ನೂ ಅಲ್ಲೇ ಹುಡುಕಬೇಕು.

ಖರ್ಚಿನ ಪುಟದಲ್ಲಿ ಎರಡು ಮಾತು. ಒಂದು, ದೂರದ ಫಲವನ್ನು ಇಂದಿನ ರೂಪಾಯಿಗೆ ಇಳಿಸುವ ಬಡ್ಡಿಯ ದರ. ಇಪ್ಪತ್ತು ವರ್ಷದ ನಂತರ ಬರುವ 100 ರೂಪಾಯಿಯ ಇಂದಿನ ಬೆಲೆ ಶೇ. 3ರ ದರದಲ್ಲಿ ಸುಮಾರು 55 ರೂಪಾಯಿ, ಶೇ. 8ರ ದರದಲ್ಲಿ ಕೇವಲ 21 ರೂಪಾಯಿ. ರಸ್ತೆಯ ಫಲ ಮರುವರ್ಷ ಬರುತ್ತದೆ, ಮಗುವಿನ ಫಲ ಇಪ್ಪತ್ತು ವರ್ಷಕ್ಕೆ ಬರುತ್ತದೆ. ದರವನ್ನು ಏರಿಸಿದಷ್ಟೂ ಮಗು ಸೋಲುತ್ತದೆ. ಪೆನ್ನಿನ ಒಂದು ಗೀಟಿನಲ್ಲಿ ನಡೆದುಹೋಗುವ ಈ ತೀರ್ಮಾನ ಗಣಿತದ್ದಲ್ಲ, ಮುಂದಿನ ತಲೆಮಾರಿನ ಬಗ್ಗೆ ನಮಗಿರುವ ಕಾಳಜಿಯದು. ಅದನ್ನು ಮುಚ್ಚಿಡದೆ ಹೇಳಬೇಕು. ಇನ್ನೊಂದು, ಗೌರವಧನ. ಕಾರ್ಯಕರ್ತೆಗೆ ಕೊಡುವ ಗೌರವಧನದಲ್ಲಿ ಕೇಂದ್ರ 2018ರ ಅಕ್ಟೋಬರ್‌ನಲ್ಲಿ ನಿಗದಿ ಮಾಡಿದ ಮೊತ್ತ ತಿಂಗಳಿಗೆ 4,500 ರೂಪಾಯಿ, ಅದರ ಮೇಲೆ ರಾಜ್ಯ ತನ್ನದನ್ನು ಸೇರಿಸುತ್ತದೆ. ಖರ್ಚು ಕಡಿಮೆ ಇರುವುದರಿಂದ ಲಾಭದ ಪಟ್ಟು ದೊಡ್ಡದಾಗಿ ಕಾಣುತ್ತದೆ. ಒಬ್ಬ ಹೆಣ್ಣುಮಗಳ ದುಡಿಮೆಗೆ ತಕ್ಕ ಬೆಲೆ ಕೊಡದೆ ಉಳಿಸಿದ ಹಣವನ್ನು ಯೋಜನೆಯ ದಕ್ಷತೆಯೆಂದು ಬರೆದುಕೊಳ್ಳುವುದು ನ್ಯಾಯವಲ್ಲ. ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿಯ ಹಕ್ಕಿದೆಯೆಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲಾದರೂ ಪೂರ್ಣ ವೇತನವನ್ನು ಹಿಡಿದು ಲೆಕ್ಕ ಹಾಕಬೇಕು. ಹಾಗೆ ಹಾಕಿದರೂ ಪ್ರಯೋಜನ ಖರ್ಚಿಗಿಂತ ಬಹಳ ಹೆಚ್ಚೇ ಇರುತ್ತದೆ ಎಂಬ ನಂಬಿಕೆ ನನಗಿದೆ.

ಅಂಕಿ ಇದ್ದ ಕಡೆಗೆ ಹಣ ಹರಿಯುತ್ತದೆ ಎಂಬುದು ಉತ್ತರ ಕರ್ನಾಟಕಕ್ಕೆ ಅನುಭವದಿಂದ ಗೊತ್ತು. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳನ್ನು ಹಿಡಿದು 114 ತಾಲ್ಲೂಕುಗಳು ಹಿಂದುಳಿದಿವೆಯೆಂದು ಹೆಸರು ಸಹಿತ ಹೇಳಿದ ಮೇಲೆಯೇ ಪ್ರಾದೇಶಿಕ ಅಸಮಾನತೆಯ ದೂರು ದಾವೆಯ ರೂಪ ಪಡೆಯಿತು. ಆದ್ದರಿಂದ ನನ್ನದೊಂದು ಸಲಹೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಅಂಗನವಾಡಿಗಳಿಗೆ ಎರಡನೆಯ ಕಾರ್ಯಕರ್ತೆಯನ್ನು ಕೊಡುವ ನಿರ್ಧಾರವಾದರೆ ಒಂದೇ ವರ್ಷದಲ್ಲಿ ಎಲ್ಲ ಕಡೆ ಕೊಡಲು ಹಣ ಸಾಲುವುದಿಲ್ಲ, ಮೂರು ವರ್ಷವಾದರೂ ಹಿಡಿಯುತ್ತದೆ. ಯಾವ ಊರಿಗೆ ಮೊದಲು ಎಂಬುದನ್ನು ಶಿಫಾರಸಿಗೆ ಬಿಡದೆ ತಾಲ್ಲೂಕು ಮಟ್ಟದಲ್ಲಿ ಎಲ್ಲರೆದುರು ಚೀಟಿ ಎತ್ತಲಿ. ನ್ಯಾಯವೂ ಉಳಿಯುತ್ತದೆ, ಮೊದಲು ಪಡೆದ ಊರು ಮತ್ತು ಕಾಯುತ್ತಿರುವ ಊರುಗಳ ನಡುವೆ ನೇರವಾದ ಹೋಲಿಕೆಯೂ ಸಿಗುತ್ತದೆ. ಅಂಗನವಾಡಿಯ ದಾಖಲೆಯನ್ನು ಶಾಲೆಯ ದಾಖಲೆಗೆ ಜೋಡಿಸಿ, ಆ ಮಕ್ಕಳನ್ನು ಎಸ್ಸೆಸ್ಸೆಲ್ಸಿಯವರೆಗೆ ಹಿಂಬಾಲಿಸುವ ಹೊಣೆಯನ್ನು ಇಲ್ಲಿನ ವಿಶ್ವವಿದ್ಯಾಲಯಗಳು ಹೊರಲಿ. ಅಳೆಯುವುದನ್ನು ಹುಣಸೆಬೀಜದಿಂದ ಶುರು ಮಾಡಲಿ. ವಿಂಗಡಿಸುವುದು, ಕ್ರಮವಾಗಿ ಜೋಡಿಸುವುದು, ಚಿತ್ರ ನೋಡಿ ಕತೆ ಹೇಳುವುದು, ಎರಡು ಸೂಚನೆಗಳನ್ನು ನೆನಪಿಟ್ಟು ನಡೆಯುವುದು, ಇವನ್ನೇ ಆಟವಾಗಿಸಿ ಅಳೆಯುವ ಕ್ರಮಗಳು ಈಗಾಗಲೇ ಬಳಕೆಯಲ್ಲಿವೆ. ಆ ಮುಂಜಾನೆ ನಾನು ಕಂಡ ಹುಡುಗಿ ತನ್ನ ಪರೀಕ್ಷೆಯನ್ನು ತಾನೇ ಬರೆದು ಮುಗಿಸಿದ್ದಳು, ಅಂಕ ಕೊಡುವವರು ಇರಲಿಲ್ಲ.

ಮಾತು ಮುಗಿದ ಮೇಲೆ ಮುಂಡರಗಿ ಕಡೆಯ ಒಬ್ಬ ಕಾರ್ಯಕರ್ತೆ ಎದ್ದು ನಿಂತು, "ಸರ್, ನೀವು ಹೇಳಿದ್ದೆಲ್ಲಾ ಖರೆ ಐತ್ರಿ. ಆದ್ರ ಇದನ್ನೆಲ್ಲಾ ಬರಿಯೋರು ಯಾರ್ರಿ? ಈಗ ಹನ್ನೊಂದು ರಿಜಿಸ್ಟರ್ ಅದಾವು, ಮೊಬೈಲ್ ಬ್ಯಾರೆ. ಹನ್ನೆರಡನೇದು ಬಂದ್ರ ಆ ಹುಣಸಿಬೀಜದ ಹುಡುಗಿ ಕತಿ ಕೇಳಾಕ ನನಗ ಹೊತ್ತೆಲ್ಲಿ ಉಳಿತೈತ್ರಿ?" ಎಂದು ಕೇಳಿದರು.

ಇದು ಉಪನ್ಯಾಸದಲ್ಲಿಯೇ ನಾನು ಹೇಳಬೇಕಿದ್ದ ಮಾತು. ಪರಿಣಾಮ ಅಳೆಯಲು ಎಲ್ಲ ಕೇಂದ್ರಗಳಲ್ಲಿ, ಎಲ್ಲ ಮಕ್ಕಳನ್ನು ಅಳೆಯಬೇಕಾಗಿಲ್ಲ. ಚೆನ್ನಾಗಿ ಆರಿಸಿದ ಕೆಲವು ನೂರು ಕೇಂದ್ರಗಳು ಸಾಕು. ಅಳೆಯುವವರು ತರಬೇತಿ ಪಡೆದ ಹೊರಗಿನವರಾಗಿರಬೇಕು, ಏಕೆಂದರೆ ತನ್ನ ಕೆಲಸಕ್ಕೆ ತಾನೇ ಅಂಕ ಹಾಕುವ ಇಕ್ಕಟ್ಟಿಗೆ ಕಾರ್ಯಕರ್ತೆಯನ್ನು ದೂಡಬಾರದು. ಆಕೆ ಮಕ್ಕಳೊಂದಿಗೆ ಕಳೆಯುವ ನಿಮಿಷಗಳೇ ತಮಿಳುನಾಡಿನಲ್ಲಿ ಫಲ ಕೊಟ್ಟ ಹೂಡಿಕೆಯಾಗಿರುವಾಗ, ದಾಖಲೆ ಬರೆಯಲು ಕಿತ್ತುಕೊಂಡ ಪ್ರತಿ ನಿಮಿಷವನ್ನೂ ಯೋಜನೆಯ ಖರ್ಚೆಂದು ಬರೆಯಬೇಕು. ಇಷ್ಟನ್ನು ಹೇಳಿ, ಒಮ್ಮೆ ಅವರ ಕೇಂದ್ರಕ್ಕೆ ಬರಬಹುದೇ ಎಂದು ಕೇಳಿದೆ.

"ಬರ್ರಿ," ಎಂದರು. "ಆದ್ರ ಈಗ ಬ್ಯಾಡ್ರಿ, ಈಗ ಎಲ್ಲಾ ಹುಡುಗ್ರು ಅದಾರ. ದೀಪಾವಳಿ ಆಗಿ ಎರಡು ತಿಂಗಳಿಗೆ ಬರ್ರಿ. ಯಾರ್ ಯಾರ್ ಇಲ್ಲ ಅಂತ ಹೆಸರು ಹಿಡದು ಹೇಳ್ತೀನಿ, ಬರಕೊಳ್ಳುವಂತ್ರಿ."